ಸ್ಥಾನ ಮತ್ತು ಮಾನ

ಪಂಕ್ತಿಯಲ್ಲಿ ಬಡಿಸುವುದನ್ನು ಚಿಕ್ಕಂದಿನಲ್ಲಿ ಕಲಿತವರಿಗೆಲ್ಲ ಒಂದು ಸಂಗತಿ ಗೊತ್ತು. ಬಾಳೆಯೆಲೆಯ ಮೇಲೆ ಉಪ್ಪಿಗೆ ಒಂದು ಜಾಗವುಂಟು, ಕೋಸಂಬರಿಗೆ ಒಂದು, ಪಲ್ಯಕ್ಕೆ ಒಂದು, ಅನ್ನಕ್ಕೆ ಒಂದು. ಮೂಲೆಯಲ್ಲಿ ಕುಳಿತೆನೆಂದು ಉಪ್ಪಿಗೆ ಅವಮಾನವಿಲ್ಲ. ನಡುವೆ ಕುಳಿತೆನೆಂದು ಅನ್ನಕ್ಕೆ ಜಂಬವಿಲ್ಲ. ಉಣ್ಣುವವನ ಕೈಗೆ ಯಾವುದು ಎಲ್ಲಿ ಸಿಕ್ಕಬೇಕೋ ಅದು ಅಲ್ಲಿರುತ್ತದೆ, ಅಷ್ಟೆ. 2025ರ ಆರಂಭದಲ್ಲಿ ಒಂದು ಸಂಜೆ, ಕಂಪ್ಯೂಟರಿನ ತೆರೆಯ ಮುಂದೆ ಕುಳಿತಿದ್ದಾಗ ನನಗೆ ಈ ಎಲೆಯ ನೆನಪಾಯಿತು. ಊಟದ ಸಂದರ್ಭವೇನೂ ಅಲ್ಲ. ನಮ್ಮ ಕಾಲೇಜಿನ ಜಾಲತಾಣವನ್ನು ಹೊಸದಾಗಿ ಜೋಡಿಸುವ ಸಂದರ್ಭ.

ಕನ್ನಡ ಪಾಠ ಹೇಳುವವನಿಗೆ ಜಾಲತಾಣದ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ತಾಣದ ಕನ್ನಡದಲ್ಲಿ ತಪ್ಪುಗಳಿವೆ ಎಂದು ಒಮ್ಮೆ ಸಭೆಯಲ್ಲಿ ಬಾಯಿಬಿಟ್ಟೆ. ತಪ್ಪು ಕಂಡವನೇ ತಿದ್ದಲಿ ಎಂಬುದು ನಮ್ಮ ಸಂಸ್ಥೆಗಳ ನ್ಯಾಯ. ಹೀಗೆ ನಾಲ್ಕಾರು ವರ್ಷಗಳಿಂದ ಆ ಕೆಲಸ ನನ್ನ ಹೆಗಲಿಗೆ ಬಿದ್ದಿದೆ.

ತಾಣವನ್ನು ನಡೆಸುವ ತಂತ್ರಾಂಶದ ಹೆಸರು ಡ್ರೂಪಲ್. ಬೆಲ್ಜಿಯಂ ದೇಶದ ಆಂಟ್‌ವರ್ಪ್ ಪಟ್ಟಣದಲ್ಲಿ ವಿದ್ಯಾರ್ಥಿಯಾಗಿದ್ದ ಡ್ರೀಸ್ ಬಾಯ್ಟಾರ್ಟ್ ಎಂಬಾತ, ಜೊತೆಗಿದ್ದ ಗೆಳೆಯರು ಒಬ್ಬರಿಗೊಬ್ಬರು ಸಣ್ಣಪುಟ್ಟ ಸಮಾಚಾರ ಬರೆದಿಡಲೆಂದು ಒಂದು ಸೂಚನಾಫಲಕ ಮಾಡಿದ. ಅದೇ ಬೆಳೆದು 2001ರಲ್ಲಿ ಎಲ್ಲರೂ ಹಣವಿಲ್ಲದೆ ಬಳಸಬಹುದಾದ ತಂತ್ರಾಂಶವಾಗಿ ಹೊರಬಂದಿತು. ಇದರಲ್ಲಿ ಪುಟವೆಂದರೆ ಒಂದೇ ಹಾಳೆಯಲ್ಲ. ಹಲವು ತುಂಡುಗಳ ಜೋಡಣೆ. ಒಂದೊಂದು ತುಂಡಿಗೂ ಬ್ಲಾಕ್ ಎಂದು ಹೆಸರು. ಅಧ್ಯಕ್ಷರ ಸಂದೇಶ ಒಂದು ಬ್ಲಾಕ್, ಸಮಾರಂಭದ ಚಿತ್ರಗಳು ಇನ್ನೊಂದು, ಪ್ರಕಟಣೆಗಳು ಮತ್ತೊಂದು. ಪುಟದಲ್ಲಿ ತಲೆಭಾಗ, ನಡುಭಾಗ, ಪಕ್ಕ, ಅಡಿ ಎಂಬ ವಲಯಗಳಿವೆ. ಯಾವ ಬ್ಲಾಕ್ ಯಾವ ವಲಯದಲ್ಲಿರಬೇಕು, ಯಾವುದರ ಮೇಲೆ, ಯಾವುದರ ಕೆಳಗೆ ಎಂದು ನಿರ್ಧರಿಸುವುದು ತಾಣ ನೋಡಿಕೊಳ್ಳುವವನ ಕೆಲಸ.

ಮೇಲು ಕೆಳಗನ್ನು ನಿರ್ಣಯಿಸಲು ಪ್ರತಿಯೊಂದು ಬ್ಲಾಕಿಗೂ ಒಂದು ಅಂಕಿ ಕೊಟ್ಟಿದ್ದಾರೆ. ಅದನ್ನು ತೂಕ ಎಂದು ಕರೆಯುತ್ತಾರೆ. ತೂಕ ಕಡಿಮೆಯಾದದ್ದು ಮೇಲೆ ತೇಲುತ್ತದೆ, ಹೆಚ್ಚಾದದ್ದು ಕೆಳಗೆ ಮುಳುಗುತ್ತದೆ. ಇದನ್ನು ಮೊದಲು ತಿಳಿದಾಗ ನಾನು ನಕ್ಕುಬಿಟ್ಟೆ. ನಮ್ಮಲ್ಲಿ ತೂಕದ ಮನುಷ್ಯರು ವೇದಿಕೆಯ ನಡುವೆ ಕೂರುವವರು. ಇಲ್ಲಿ ಹಗುರವಾದದ್ದಕ್ಕೇ ಮೇಲ್ಪಂಕ್ತಿ! ನಗು ಬಹಳ ದಿನ ಉಳಿಯಲಿಲ್ಲ.

ನಮ್ಮ ಬಿ.ಎ. ತರಗತಿಯಲ್ಲಿ ಕಣ್ಣು ಕಾಣದ ಒಬ್ಬ ಹುಡುಗನಿದ್ದ. ಫೋನು ಗಟ್ಟಿಯಾಗಿ ಓದಿ ಹೇಳುತ್ತದೆ, ಅವನು ಕೇಳಿಸಿಕೊಳ್ಳುತ್ತಾನೆ. ಕಾಲೇಜಿನ ದತ್ತಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಕರೆದಿದ್ದೆವು. ಪ್ರಕಟಣೆಯ ಕಾಗದವನ್ನು ಗೋಡೆಯ ಫಲಕಕ್ಕೆ ಅಂಟಿಸಿದ್ದೆವು; ಅವನ ಪಾಲಿಗೆ ಅದು ಬರಿಯ ಗೋಡೆ. ಜಾಲತಾಣದಲ್ಲಿಯೂ ಹಾಕಿದ್ದೆವು. ಕಡೆಯ ದಿನ ಕಳೆದ ಮೇಲೆ ಅವನು ಬಂದ. ಪ್ರಕಟಣೆ ತಾಣದಲ್ಲಿತ್ತಲ್ಲ ಎಂದು ನಾನು ಕೇಳಿದೆ. ಅವನು ಸಿಟ್ಟಿಲ್ಲದೆ ಹೇಳಿದ:

“ಇತ್ತು ಅಂತೀರಿ ಸಾರ್, ಸರಿ. ನಾನು ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೇಳ್ತಾ ಇದ್ದೆ. ಅಧ್ಯಕ್ಷರ ಸಂದೇಶ ಮುಗಿದು ಫೋಟೋಗಳ ಹೆಸರು ಶುರುವಾಗೋ ಹೊತ್ತಿಗೆ ನನ್ನ ಬಸ್ ಬಂತು.”

ಆ ಸಂಜೆ ನಾನು ನನ್ನ ಫೋನಿನಲ್ಲಿ ತಾಣವನ್ನು ತೆರೆದೆ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಪ್ರಕಟಣೆಗಳು ಬಲಪಕ್ಕದಲ್ಲಿ, ಕಣ್ಣಿಗೆ ನೇರವಾಗಿ ಇದ್ದವು. ಫೋನಿನ ಕಿರಿದಾದ ತೆರೆಯಲ್ಲಿ ಪಕ್ಕ ಎಂಬುದೇ ಇಲ್ಲ. ಪಕ್ಕದಲ್ಲಿದ್ದದ್ದು ನಡುಭಾಗವೆಲ್ಲ ಮುಗಿದ ಮೇಲೆ, ಕೆಳಗೆ ಹೋಗಿ ಬಿದ್ದಿತ್ತು. ಕಣ್ಣುಳ್ಳವನು ಬೆರಳಿನಿಂದ ನಾಲ್ಕು ಸಲ ತಳ್ಳಿ ಅಲ್ಲಿಗೆ ತಲಪುತ್ತಾನೆ. ಕಿವಿಯಿಂದ ಓದುವವನು ಎಲ್ಲವನ್ನೂ ಕೇಳಿ ದಾಟಬೇಕು. ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರುವ ಉಪಾಯ ಇಂಥ ಫೋನುಗಳಲ್ಲಿ ಉಂಟು. ಆದರೆ ನಮ್ಮ ಪುಟದಲ್ಲಿ ಶೀರ್ಷಿಕೆಗಳನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದೆವೇ ಹೊರತು ಇದು ಶೀರ್ಷಿಕೆ ಎಂದು ಗುರುತು ಮಾಡಿರಲಿಲ್ಲ. ಕಣ್ಣಿಗೆ ಪುಟ ಒಂದು ಬಯಲು. ಕಿವಿಗೆ ಅದು ಒಂದು ಓಣಿ. ಓಣಿಯಲ್ಲಿ ಮುಂದೆ ನಿಂತವನು ಹಿಂದಿನವನ ದಾರಿಗೆ ಅಡ್ಡ.

ಮಾರನೆಯ ದಿನ ನಾನು ಅವನಿಗೆ ಸಮಾಧಾನ ಹೇಳಿದೆ. ತಾಣ ಇರುವುದೇ ಹಾಗಪ್ಪ ಎಂದೆ. ಅದು ಸುಳ್ಳಲ್ಲ. ಆಗ ನಾವು ಬಳಸುತ್ತಿದ್ದದ್ದು ಡ್ರೂಪಲಿನ 7ನೆಯ ಆವೃತ್ತಿ, 2011ರದು. ಅದರಲ್ಲಿ ಒಂದು ವಿನ್ಯಾಸದೊಳಗೆ ಒಂದು ಬ್ಲಾಕಿಗೆ ಒಂದೇ ಜಾಗ. ಪ್ರಕಟಣೆಗಳನ್ನು ಮುಖಪುಟದಲ್ಲಿ ಮೇಲಕ್ಕೆ ತಂದರೆ ಒಳಪುಟಗಳಲ್ಲಿಯೂ ಅದು ಮೇಲಕ್ಕೇ ಬರುತ್ತದೆ. ಅಲ್ಲಿ ಪಕ್ಕದಲ್ಲಿ, ಇಲ್ಲಿ ತಲೆಭಾಗದಲ್ಲಿ ಎಂದು ಎರಡು ಕಡೆ ಕೂರಿಸಲು ಬರುತ್ತಿರಲಿಲ್ಲ. ಹೇಳಿದ್ದು ನಿಜವೇ. ಆದರೆ ಒಳಪುಟಗಳ ಅಂದ ಸ್ವಲ್ಪ ಕೆಟ್ಟರೆ ಕೆಡಲಿ ಎಂದು ಮೇಲಕ್ಕೆ ತರಬಹುದಾಗಿತ್ತು ಎಂಬುದೂ ನಿಜ. ಆ ಎರಡನೆಯ ನಿಜವನ್ನು ನಾನು ಅವನಿಗೆ ಹೇಳಲಿಲ್ಲ. ನೆಪವೆಂದರೆ ಸುಳ್ಳೇ ಆಗಿರಬೇಕೆಂದಿಲ್ಲ; ನಿಜವಾದ ಮಾತೇ ಅನೇಕ ವೇಳೆ ಬಹಳ ಒಳ್ಳೆಯ ನೆಪವಾಗುತ್ತದೆ.

2025ರ ಜನವರಿ 5ರಂದು 7ನೆಯ ಆವೃತ್ತಿಯ ಆಯುಸ್ಸು ಮುಗಿಯಿತು. ಅದನ್ನು ಮಾಡಿದವರೇ ಅದರ ಪೋಷಣೆಯನ್ನು ನಿಲ್ಲಿಸಿದರು. ನಾವೂ ಹೊಸ ಆವೃತ್ತಿಗೆ ಹೋಗಲೇಬೇಕಾಯಿತು. ಕಂಪ್ಯೂಟರ್ ವಿಭಾಗದ ತರುಣ ಮಿತ್ರರು ಪಕ್ಕದಲ್ಲಿ ಕುಳಿತು ತೋರಿಸಿಕೊಟ್ಟರು. 2015ರಲ್ಲಿ ಬಂದ 8ನೆಯ ಆವೃತ್ತಿಯಿಂದ ಈಚೆಗೆ ಒಂದೇ ಬ್ಲಾಕನ್ನು ಎಷ್ಟು ಕಡೆ ಬೇಕಾದರೂ ಇರಿಸಬಹುದು. ಪ್ರತಿಯೊಂದು ಕಡೆಗೂ ಅದರದೇ ನಿಯಮ. ಯಾವ ಪುಟದಲ್ಲಿ ಕಾಣಬೇಕು, ಯಾರಿಗೆ ಕಾಣಬೇಕು ಎಂದು ಬೇರೆ ಬೇರೆಯಾಗಿ ಹೇಳಬಹುದು. 2019ರ ಮೇ ತಿಂಗಳಲ್ಲಿ ಲೇಔಟ್ ಬಿಲ್ಡರ್ ಎಂಬ ಸಲಕರಣೆ ಪಕ್ವವಾಗಿ ಸೇರಿತು. ಅದರಿಂದ ಪುಟವನ್ನು ಕಣ್ಣೆದುರಿಗೆ ಇಟ್ಟುಕೊಂಡೇ ತುಂಡುಗಳನ್ನು ಜೋಡಿಸಬಹುದು. ಬ್ಲಾಕನ್ನು ಮೌಸಿನಿಂದ ಹಿಡಿದು ಎಳೆದರೆ ಅದು ಮೇಲಕ್ಕೆ ಬರುತ್ತದೆ. ಎಳೆಯಲಾರದವರು ಬ್ಲಾಕುಗಳ ಪಟ್ಟಿಯಲ್ಲಿ ತೂಕದ ಅಂಕಿಯನ್ನೇ ತಿದ್ದಬಹುದು. ಜಾಲಪುಟಗಳು ಎಲ್ಲರಿಗೂ ಎಟುಕುವಂತಿರಬೇಕೆಂದು ನಿಯಮ ಮಾಡುವವರು 2023ರಲ್ಲಿ ಒಂದು ಸೂತ್ರವನ್ನು ಸೇರಿಸಿದ್ದಾರೆ: ಎಳೆದು ಮಾಡುವ ಕೆಲಸವನ್ನು ಎಳೆಯದೆಯೂ ಮಾಡುವಂತಿರಬೇಕು. ಕೈನಡುಗುವವರನ್ನು ನೆನೆದು ಮಾಡಿದ ಸೂತ್ರ ಅದು.

“ಎಳೀರಿ ಸಾರ್, ಅಷ್ಟೇ” ಎಂದರು ಮಿತ್ರರು. ನನ್ನ ಕೈ ಮೌಸಿನ ಮೇಲೆ ನಿಂತುಬಿಟ್ಟಿತು. ಪ್ರಕಟಣೆ ಮೇಲೆ ಬರಬೇಕಾದರೆ ಅಧ್ಯಕ್ಷರ ಸಂದೇಶ ಕೆಳಗೆ ಇಳಿಯಬೇಕು. ಇಷ್ಟು ವರ್ಷ ನನ್ನನ್ನು ತಡೆದದ್ದು ತಂತ್ರಾಂಶವಲ್ಲ, ಈ ಸಂಕೋಚ ಎಂಬುದು ಆಗ ಹೊಳೆಯಿತು.

ಇಲ್ಲಿ ನಿಂತು ವಿಚಾರ ಮಾಡಬೇಕಾದ ಪ್ರಶ್ನೆಯೊಂದಿದೆ. ಸಾಧನಗಳು ಸುಧಾರಿಸಿದರೆ ಮನುಷ್ಯನ ಹೊರೆ ಇಳಿಯುತ್ತದೆ ಎಂದು ನಾವು ಸಾಮಾನ್ಯವಾಗಿ ನಂಬುತ್ತೇವೆ. ಕೈಯ ಹೊರೆ ಇಳಿಯುತ್ತದೆ, ಸಂದೇಹವಿಲ್ಲ. ಆದರೆ ಮನಸ್ಸಿನ ಹೊರೆ ಏರುತ್ತದೆ. ಮಾಡಲಾಗದ್ದಕ್ಕೆ ಯಾರೂ ನಮ್ಮನ್ನು ಹೊಣೆ ಮಾಡುವುದಿಲ್ಲ. ಮಾಡಲು ಕಷ್ಟವಾದದ್ದಕ್ಕೆ ಅರ್ಧ ಹೊಣೆ. ಒಂದು ಬೆರಳಿನಿಂದ ಆಗುವುದನ್ನು ಮಾಡದೆ ಬಿಟ್ಟರೆ ಪೂರ್ತಿ ಹೊಣೆ ನಮ್ಮದೇ. ಸೌಕರ್ಯ ಬಂದ ದಿನವೇ ನೆಪ ಹೊರಟುಹೋಗುತ್ತದೆ. ಅದಕ್ಕೇ ಇರಬೇಕು, ಕೆಲವು ಕಚೇರಿಗಳಲ್ಲಿ ಹೊಸ ಸಲಕರಣೆ ಬಂದರೂ ಹಳೆಯದರ ಮೇಲೆ ಅಷ್ಟೊಂದು ಪ್ರೀತಿ.

ಯಾವುದು ಎಲ್ಲಿರಬೇಕು ಎಂಬ ಪ್ರಶ್ನೆ ಸಾಹಿತ್ಯ ಓದಿದವರಿಗೆ ಹೊಸದಲ್ಲ. 11ನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರ ಔಚಿತ್ಯವೇ ಕಾವ್ಯದ ಜೀವವೆಂದು ವಾದಿಸಿದ. ಕೊರಳಿಗೆ ಡಾಬನ್ನೂ ಸೊಂಟಕ್ಕೆ ಹಾರವನ್ನೂ ತೊಟ್ಟರೆ ನಗೆಪಾಟಲಾಗುತ್ತದೆ ಎಂಬುದು ಅವನ ಮಾತಿನ ತಾತ್ಪರ್ಯ. ಡಾಬು ಕೀಳಲ್ಲ, ಹಾರ ಮೇಲಲ್ಲ. ಸ್ಥಾನ ತಪ್ಪಿದರೆ ಎರಡೂ ಕೆಟ್ಟವು. ತರಗತಿಯಲ್ಲಿ ಇದನ್ನು ಇಪ್ಪತ್ತು ವರ್ಷ ಪಾಠ ಹೇಳಿದ್ದೇನೆ. ಅಧ್ಯಕ್ಷರ ಸಂದೇಶ ಕೆಳಗೆ ಇಳಿದರೆ ಅವರಿಗೆ ಅವಮಾನ ಎಂದು ಹೆದರಿದಾಗ ಆ ಪಾಠ ನನಗೇ ಮರೆತಿತ್ತು. ನಾನು ಸ್ಥಾನವನ್ನೂ ಮಾನವನ್ನೂ ಒಂದೇ ಎಂದುಕೊಂಡಿದ್ದೆ. ಪುಟದ ಮೇಲ್ಭಾಗ ಸಿಂಹಾಸನವಲ್ಲ, ಅದು ಬಾಗಿಲು. ಬಾಗಿಲಲ್ಲಿ ನಿಲ್ಲಬೇಕಾದವನು ಮನೆಯ ಯಜಮಾನನಲ್ಲ, ಬಂದವರಿಗೆ ದಾರಿ ತೋರಿಸುವವನು.

ಯಾರಿಗೆ ಯಾವುದು ಕಾಣಬೇಕೆಂದು ಹೇಳುವ ಸೌಲಭ್ಯವೂ ಹೀಗೆಯೇ ವಿವೇಕವನ್ನು ಬೇಡುತ್ತದೆ. ಅಧ್ಯಾಪಕರಿಗೆ ಒಂದು ಬ್ಲಾಕ್, ವಿದ್ಯಾರ್ಥಿಗಳಿಗೆ ಒಂದು, ಹೊರಗಿನವರಿಗೆ ಒಂದು ಎಂದು ಮಾಡಬಹುದು. ಇದು ಔಚಿತ್ಯವೋ ಪಂಕ್ತಿಭೇದವೋ? ಒಂದೇ ಸಾಲಿನಲ್ಲಿ ಕುಳಿತವರಲ್ಲಿ ಕೆಲವರಿಗೆ ತುಪ್ಪ, ಕೆಲವರಿಗೆ ಬರಿಯ ಸಾರು ಬಡಿಸುವುದು ಪಾಪವೆಂದು ನಮ್ಮ ಹಿರಿಯರು ಹೇಳುತ್ತಿದ್ದರು, ಮಾಡುತ್ತಲೂ ಇದ್ದರು. ಜ್ವರದವನಿಗೆ ಗಂಜಿ ಬಡಿಸುವುದು ಮಾತ್ರ ಪಂಕ್ತಿಭೇದವಲ್ಲ. ಎರಡಕ್ಕೂ ಇರುವ ಅಂತರ ಇಷ್ಟೆ: ಒಂದು ಉಣ್ಣುವವನ ಹಿತವನ್ನು ನೋಡುತ್ತದೆ, ಇನ್ನೊಂದು ಬಡಿಸುವವನ ಅನುಕೂಲವನ್ನು. ಒಂದು ಬ್ಲಾಕನ್ನು ಯಾರಿಂದಲಾದರೂ ಮರೆಮಾಡುವ ಮುನ್ನ ಈ ಪ್ರಶ್ನೆ ಕೇಳಿಕೊಂಡರೆ ಉತ್ತರ ಸಾಮಾನ್ಯವಾಗಿ ಸಿಕ್ಕುತ್ತದೆ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಸುಲಭವಾಗಿ ಚಲಿಸುವುದನ್ನು ದಿನವೂ ಚಲಿಸೋಣ ಎನ್ನಿಸುತ್ತದೆ. ಕ್ರೀಡಾ ವಿಭಾಗದವರು ಬಂದು ತಮ್ಮದು ಮೇಲಿರಲಿ ಎನ್ನುತ್ತಾರೆ, ಗ್ರಂಥಾಲಯದವರು ತಮ್ಮದು ಎನ್ನುತ್ತಾರೆ. ಎಲ್ಲರಿಗೂ ಸರದಿಯ ಮೇಲೆ ಮೇಲುಜಾಗ ಕೊಟ್ಟರೆ ಅದು ನ್ಯಾಯವಾಗಿ ಕಾಣುತ್ತದೆ. ಓದುವವನಿಗೆ ಮಾತ್ರ ಅನ್ಯಾಯ. ಕಣ್ಣು ಕಾಣದವನ ಮನೆಯಲ್ಲಿ ಕುರ್ಚಿಯನ್ನು ದಿನಕ್ಕೊಂದು ಕಡೆ ಇಡುವವರುಂಟೆ? ಒಮ್ಮೆ ಯೋಚಿಸಿ ಇಟ್ಟ ಮೇಲೆ ಅದನ್ನು ಅಲ್ಲಿಯೇ ಬಿಡುವ ಧೈರ್ಯವೂ ಬೇಕು.

ಆ ಸಂಜೆ ನಾನು ಪ್ರಕಟಣೆಗಳನ್ನು ಮುಖಪುಟದ ಮೇಲ್ಭಾಗಕ್ಕೆ ಎಳೆದೆ; ಒಳಪುಟಗಳಲ್ಲಿ ಪಕ್ಕದಲ್ಲಿಯೂ ಇಟ್ಟೆ. ಶೀರ್ಷಿಕೆಗಳಿಗೆ ಶೀರ್ಷಿಕೆಯ ಗುರುತನ್ನೇ ಕೊಟ್ಟೆ. ಅಧ್ಯಕ್ಷರ ಸಂದೇಶ ಪ್ರಕಟಣೆಗಳ ಕೆಳಗೆ ಬಂದಿತು. ಪ್ರಿನ್ಸಿಪಾಲರು ನೋಡಿ, “ಅಧ್ಯಕ್ಷರು ಕೇಳಿದರೆ ಏನು ಹೇಳೋಣ ಮೇಷ್ಟ್ರೇ?” ಎಂದರು. “ತೂಕದ ಮಾತು, ಅದಕ್ಕೇ ಕೆಳಗೆ ಇಳಿದಿದೆ ಎನ್ನಿ” ಎಂದೆ. ಅವರು ನಗಲಿಲ್ಲ. ಅಧ್ಯಕ್ಷರು ಇದುವರೆಗೆ ಕೇಳಿಲ್ಲ. ಅವರು ಆ ಪುಟವನ್ನು ತೆರೆದೇ ಇರಲಿಲ್ಲ ಎಂದು ನನ್ನ ಅನುಮಾನ.

ಆ ಹುಡುಗನಿಗೆ ತಪ್ಪಿದ ವಿದ್ಯಾರ್ಥಿವೇತನ ತಪ್ಪಿಯೇ ಹೋಯಿತು. ಬ್ಲಾಕನ್ನು ಮೇಲಕ್ಕೆ ಎಳೆದಂತೆ ಕಳೆದ ದಿನವನ್ನು ಹಿಂದಕ್ಕೆ ಎಳೆಯಲು ಬರುವುದಿಲ್ಲ. ಹೊಸ ಪುಟ ಸಿದ್ಧವಾದ ಮೇಲೆ ಅವನನ್ನು ಕರೆದು ಕೇಳಿಸಿದೆ. ಹಳೆಯ ಪುಟವನ್ನೂ ಮೇಲಕ್ಕೆ ತರಬಹುದಾಗಿತ್ತು, ನಾನು ತರಲಿಲ್ಲ ಎಂಬುದನ್ನೂ ಹೇಳಿದೆ. ಅದಕ್ಕೆ ಅವನು ಏನೂ ಅನ್ನಲಿಲ್ಲ. ಫೋನನ್ನು ಕಿವಿಯ ಹತ್ತಿರ ಹಿಡಿದು ಬೆರಳಾಡಿಸಿದ.

“ಮೂರನೆಯದಕ್ಕೇ ಬಂತು ಸಾರ್” ಎಂದ.

ಅದಕ್ಕೆ ಮುಂಚಿನ ಎರಡು ಯಾವುವು ಎಂದೆ.

“ಒಂದು ಲಾಂಛನ, ಇನ್ನೊಂದು ಕಾಲೇಜಿನ ಹೆಸರು. ಅವು ಇರಲಿ ಬಿಡಿ ಸಾರ್. ಯಾವ ಕಾಲೇಜು ಅಂತಲಾದರೂ ಗೊತ್ತಾಗಬೇಕಲ್ಲ.”