ನಷ್ಟ ಒಂದೂರಿಗೆ, ಪರಿಹಾರ ಇನ್ನೊಂದೂರಿಗೆ

ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಬಂದು ವರ್ಷಗಳೇ ಆದವು. ರೋಣದ ಕಡೆಯಿಂದ ಹೋಗುವವರಿಗೆ ಅವುಗಳ ಬಿಳಿ ರೆಕ್ಕೆಗಳು ದೂರದಿಂದಲೇ ಕಾಣುತ್ತವೆ. ಅವು ಕರೆಂಟು ತಯಾರಿಸುತ್ತವೆ ಎಂಬುದು ನಮಗೆಲ್ಲ ಗೊತ್ತು. ಆದರೆ ಗದಗ ಜಿಲ್ಲೆಯ ಹಲವು ಗಾಳಿ ವಿದ್ಯುತ್ ಯೋಜನೆಗಳು ಇನ್ನೊಂದು ಸರಕನ್ನು ಮಾರಲಿಕ್ಕೂ ಹೆಸರು ನೋಂದಾಯಿಸಿಕೊಂಡಿದ್ದವು ಎಂಬುದು ಹೆಚ್ಚಿನವರಿಗೆ ತಿಳಿಯದು. ಆ ಸರಕಿನ ಹೆಸರು ಕಾರ್ಬನ್ ಕ್ರೆಡಿಟ್. 1997ರ ಕ್ಯೋಟೊ ಒಪ್ಪಂದ ಇದಕ್ಕೆ ದಾರಿ ಮಾಡಿಕೊಟ್ಟಿತು. ಇಲ್ಲಿ ಕಲ್ಲಿದ್ದಲು ಸುಡದೆ ಕರೆಂಟು ಬಂದರೆ ಅಷ್ಟು ಹೊಗೆ ಉಳಿಯಿತೆಂದು ಲೆಕ್ಕ. ಆ ಉಳಿತಾಯದ ಚೀಟಿಯನ್ನು ದೂರದ ದೇಶದ ಕಾರ್ಖಾನೆ ಕೊಂಡುಕೊಂಡು ತನ್ನ ಹೊಗೆಗೆ ಜಮಾ ಮಾಡಿಕೊಳ್ಳುತ್ತದೆ.

ಹೊಗೆಯ ಮಟ್ಟಿಗೆ ಈ ಲೆಕ್ಕದಲ್ಲಿ ಸ್ವಲ್ಪವಾದರೂ ಅರ್ಥವಿದೆ. ಯಾಕೆಂದರೆ ಆಕಾಶಕ್ಕೆ ಗಡಿಯಿಲ್ಲ. ಎಲ್ಲಿ ಉಳಿಸಿದರೂ ಅದು ಎಲ್ಲರಿಗೂ ಉಳಿತಾಯವೇ. ಆದರೆ ಇದೇ ಲೆಕ್ಕವನ್ನು ಕೆರೆಗೆ, ಜೌಗು ನೆಲಕ್ಕೆ, ಕಾಡಿಗೆ ಹಚ್ಚಿದರೆ ಏನಾಗುತ್ತದೆ?

ಅಮೆರಿಕದಲ್ಲಿ ಹಾಗೆ ಹಚ್ಚಿದ್ದಾರೆ. ಅಲ್ಲಿ 1972ರ ಜಲಶುದ್ಧಿ ಕಾನೂನಿನ ಪ್ರಕಾರ ಜೌಗು ಪ್ರದೇಶವನ್ನು ಮುಚ್ಚಲು ಪರವಾನಗಿ ಬೇಕು. ಮೊದಲು ಹಾನಿಯನ್ನು ತಪ್ಪಿಸಬೇಕು, ತಪ್ಪದಿದ್ದರೆ ಕಡಿಮೆ ಮಾಡಬೇಕು, ಆಮೇಲೂ ಉಳಿದದ್ದಕ್ಕೆ ಪರಿಹಾರ ಕೊಡಬೇಕು. ಇದು ಅಲ್ಲಿನ ನಿಯಮದ ಕ್ರಮ, ಒಳ್ಳೆಯ ಕ್ರಮವೇ. ಆದರೆ ಮೂರನೆಯ ಮೆಟ್ಟಿಲು ಬರಬರುತ್ತ ಒಂದು ಮಾರುಕಟ್ಟೆಯಾಯಿತು. ಯಾರೋ ಒಬ್ಬರು ಎಲ್ಲೋ ಒಂದು ಕಡೆ ಜೌಗು ನೆಲವನ್ನು ಸರಿಪಡಿಸಿ 'ಬ್ಯಾಂಕ್' ತೆರೆಯುತ್ತಾರೆ. ಅಂಗಡಿ ಸಂಕೀರ್ಣ ಕಟ್ಟುವವನು ಅಲ್ಲಿಂದ ಕ್ರೆಡಿಟ್ ಖರೀದಿಸಿ ತನ್ನ ಜಾಗದ ಜೌಗನ್ನು ಮುಚ್ಚುತ್ತಾನೆ. ಹಣ ಸಂದಾಯವಾದರೆ ಅವನ ಜವಾಬ್ದಾರಿ ಮುಗಿಯಿತು. 2008ರ ನಿಯಮಾವಳಿ ಪರಿಹಾರದ ಬಗೆಗಳಲ್ಲಿ ಇಂಥ ಬ್ಯಾಂಕುಗಳಿಗೇ ಮೊದಲ ಸ್ಥಾನ ಕೊಟ್ಟಿತು. ಫ್ಲಾರಿಡಾ ರಾಜ್ಯದಲ್ಲಿ ನಡೆದ ಅಧ್ಯಯನವೊಂದು ಇದರ ಫಲವನ್ನು ತೋರಿಸಿತು. ಪಟ್ಟಣದ ಬಳಿಯ ಜೌಗು ನೆಲ ಹೋಯಿತು, ದೂರದ ಹಳ್ಳಿಗಾಡಿನಲ್ಲಿ ಅದು ಹೆಚ್ಚಿತು. ಪುಸ್ತಕದಲ್ಲಿ ಜಮಾ ಖರ್ಚು ಸರಿಹೋಯಿತು. ಆದರೆ ನೆರೆಯನ್ನು ತಡೆಯುತ್ತಿದ್ದ ನೆಲವನ್ನು ಕಳೆದುಕೊಂಡವರೇ ಬೇರೆ, ಪಡೆದವರೇ ಬೇರೆ.

ನಮ್ಮ ದೇಶದಲ್ಲಿ ಜೌಗು ನೆಲಕ್ಕೆ ಇಂಥ ಬ್ಯಾಂಕು ಇಲ್ಲ. ಕಾಡಿಗೆ ಮಾತ್ರ ಅದರ ತಮ್ಮನಂಥ ವ್ಯವಸ್ಥೆಯಿದೆ. ಅಭಿವೃದ್ಧಿಗಾಗಿ ಕಾಡು ಕಡಿದರೆ ಅದಕ್ಕೆ ಸಮನಾದ ಬೇರೆ ಭೂಮಿಯಲ್ಲಿ ಗಿಡ ನೆಡಬೇಕು, ಹಣವನ್ನೂ ಕಟ್ಟಬೇಕು. ಈ ಹಣದ ನಿರ್ವಹಣೆಗೆಂದೇ 2016ರಲ್ಲಿ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆ ಬಂತು. ಅದಕ್ಕೂ ಮೊದಲಿನ ಕಥೆಯನ್ನು 2013ರಲ್ಲಿ ಮಹಾಲೇಖಪಾಲರ ವರದಿ ಹೇಳಿದೆ. 2006ರಿಂದ 2012ರವರೆಗೆ 1,03,381 ಹೆಕ್ಟೇರ್ ಭೂಮಿ ಬರಬೇಕಿತ್ತು. ಬಂದದ್ದು 28,086 ಹೆಕ್ಟೇರ್. ಅದರಲ್ಲಿ ಗಿಡ ನೆಟ್ಟದ್ದು 7,280 ಹೆಕ್ಟೇರಿನಲ್ಲಿ ಮಾತ್ರ. ಕಾಡು ಹೋದದ್ದು ನಿಜ. ಪರಿಹಾರ ಮಾತ್ರ ಕಾಗದದಲ್ಲೇ ಉಳಿಯಿತು. ಗ್ರೇಟ್ ನಿಕೋಬಾರ್ ದ್ವೀಪದ ಮಳೆಕಾಡಿಗೆ ಬದಲಾಗಿ ಹರಿಯಾಣದಲ್ಲಿ ಗಿಡ ನೆಡುವ ಏರ್ಪಾಡನ್ನೂ ನಾವು ಕಂಡೆವು. ಸಮುದ್ರದಾಚೆಯ ಕಾಡಿಗೂ ಹರಿಯಾಣದ ಒಣನೆಲಕ್ಕೂ ಯಾವ ನೆಂಟಸ್ತಿಕೆ?

2023ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಗ್ರೀನ್ ಕ್ರೆಡಿಟ್ ನಿಯಮಗಳನ್ನೂ ತಂದಿತು. ಮೊದಲಿಗೆ ನೆಟ್ಟ ಗಿಡಕ್ಕೊಂದು ಕ್ರೆಡಿಟ್ ಎಂದಿತ್ತು. ನೆಡುವುದು ಬೇರೆ, ಬದುಕಿಸುವುದು ಬೇರೆ ಎಂಬ ಟೀಕೆ ಎದ್ದಿತು. 2025ರ ಆಗಸ್ಟಿನಲ್ಲಿ ನಿಯಮ ತಿದ್ದಿ, ಐದು ವರ್ಷ ಕಳೆದು ಮರವಾಗಿ ಉಳಿದದ್ದಕ್ಕೆ ಮಾತ್ರ ಕ್ರೆಡಿಟ್ ಎಂದರು. ತಿದ್ದಿದ್ದು ಒಳ್ಳೆಯದೇ. ಆದರೆ ಮೂಲ ಪ್ರಶ್ನೆ ಹಾಗೆಯೇ ಇದೆ. ಮಾಡಲಿರುವ ಹಾನಿಗೆ ಮೊದಲೇ ಬೆಲೆ ಕಟ್ಟಿ ಕೊಂಡುಬಿಟ್ಟರೆ ಅದು ಪರಿಹಾರವೇ, ಅಥವಾ ಪರವಾನಗಿಯೇ?

ಇಸ್ಲಾಮೀ ನ್ಯಾಯಶಾಸ್ತ್ರದಲ್ಲಿ ಪರಿಹಾರದ ವಿಚಾರ ವಿಸ್ತಾರವಾಗಿ ಚರ್ಚೆಯಾಗಿದೆ. ಕೈತಪ್ಪಿ ಒಬ್ಬನ ಜೀವ ಹೋದರೆ ರಕ್ತಪರಿಹಾರ, ಅಂದರೆ ದಿಯತ್ ಇದೆ. ಅದು ಸಲ್ಲಬೇಕಾದದ್ದು ಸತ್ತವನ ಮನೆಯವರಿಗೆ. ಬಿಟ್ಟುಕೊಡುವ ಹಕ್ಕೂ ಅವರದೇ. ಹಣವಿದೆ ಎಂದು ಮೊದಲೇ ದಿಯತ್ ಎಣಿಸಿಟ್ಟು ಕೊಲ್ಲಲು ಹೊರಟವನನ್ನು ಯಾವ ಧರ್ಮವೂ ಪ್ರಾಮಾಣಿಕ ಎನ್ನುವುದಿಲ್ಲ. ಒಬ್ಬರ ವಸ್ತುವನ್ನು ಹಾಳು ಮಾಡಿದರೆ ಅಂಥದೇ ವಸ್ತುವನ್ನು ಕೊಡಬೇಕು, ಅಂಥದು ಸಿಗದಿದ್ದರೆ ಮಾತ್ರ ಬೆಲೆ ಕೊಡಬೇಕು ಎಂದು ಫಿಕ್‌ಹ್ ವಿದ್ವಾಂಸರು ಹೇಳಿದ್ದಾರೆ. ತೌಬಾಕ್ಕೂ ಶರತ್ತುಗಳಿವೆ. ತಪ್ಪನ್ನು ಬಿಡಬೇಕು, ಅದಕ್ಕಾಗಿ ಮರುಗಬೇಕು, ಮತ್ತೆ ಮಾಡೆನೆಂದು ನಿಶ್ಚಯಿಸಬೇಕು, ಯಾರ ಹಕ್ಕು ಕಸಿದಿದ್ದೇವೋ ಅವರಿಗೇ ಅದನ್ನು ಮರಳಿಸಬೇಕು. ರೋಣದವನ ಹಕ್ಕನ್ನು ಕಸಿದು ರಾಯಚೂರಿನವನಿಗೆ ದಾನ ಕೊಟ್ಟರೆ ದಾನದ ಪುಣ್ಯ ಸಿಗಬಹುದು. ರೋಣದವನ ಋಣ ಮಾತ್ರ ತೀರುವುದಿಲ್ಲ.

ಹಾಗಾದರೆ ಕೆರೆಯ ವಾರಸುದಾರರು ಯಾರು? ನೀರು, ಮೇವು, ಬೆಂಕಿ ಇವು ಜನರೆಲ್ಲರ ಪಾಲು ಎಂದು ಪ್ರವಾದಿ(ಸ)ರವರು ಕಲಿಸಿದರು. ನಮ್ಮ ಗದಗ ಜಿಲ್ಲೆಯದೇ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ 2024ರ ಜನವರಿಯಲ್ಲಿ ಅಂತಾರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣವಾಯಿತು. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಚಳಿಗಾಲಕ್ಕೆ ಇಲ್ಲಿ ಬಂದಿಳಿಯುತ್ತವೆ. ಇದು ನೀರಾವರಿಗಾಗಿ ಮನುಷ್ಯರೇ ಕಟ್ಟಿದ ಕೆರೆ. ಆದ್ದರಿಂದ ಮನುಷ್ಯ ಹೊಸ ಜೌಗು ನೆಲವನ್ನು ಸೃಷ್ಟಿಸಲಾರ ಎಂದು ನಾವು ಹೇಳುವುದಿಲ್ಲ. ಆದರೆ ಕೆರೆಗೆ ಹಕ್ಕಿ ಬರಲು, ಹಕ್ಕಿಯ ಜೊತೆ ಊರು ಬಾಳಲು ಕಲಿಯಲು ಎಷ್ಟೋ ವರ್ಷಗಳು ಬೇಕಾದವು. ಆ ವರ್ಷಗಳನ್ನು ಯಾವ ಬ್ಯಾಂಕೂ ಮಾರಲಾರದು. ಅದು ಬತ್ತಿದರೆ ಇನ್ನೊಂದು ಜಿಲ್ಲೆಯಲ್ಲಿ ಕ್ರೆಡಿಟ್ ಕೊಂಡಿದ್ದೇವೆ ಎಂದು ಹಕ್ಕಿಗೆ ಹೇಳುವವರು ಯಾರು?

ಲೆಕ್ಕದ ಪುಸ್ತಕ ಒಂದು ಹೇಳಿದರೆ ನೆಲ ಇನ್ನೊಂದು ಹೇಳುತ್ತದೆ ಎಂಬುದನ್ನು ನರಗುಂದದವರಿಗೆ ಕಲಿಸಬೇಕಿಲ್ಲ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಬಂತು, ಕಾಲುವೆ ಬಂತು. ನಿಮ್ಮ ಭೂಮಿ ಸುಧಾರಿಸಿತು, ಅಭಿವೃದ್ಧಿ ಕರ ಕಟ್ಟಿ ಎಂದು ಸರಕಾರ ಕೇಳಿತು. ಕೆಲವರ ಹೊಲಕ್ಕೆ ನೀರೇ ಮುಟ್ಟಿರಲಿಲ್ಲ, ಕೆಲವರ ಎರೆಹೊಲ ಸವುಳು ಜವುಳು ಹಿಡಿದಿತ್ತು. 1980ರ ಜುಲೈ 21ರಂದು ನರಗುಂದ ನವಲಗುಂದಗಳಲ್ಲಿ ಗೋಲಿಬಾರ್ ಆಗಿ ರೈತರ ಪ್ರಾಣ ಹೋಯಿತು. ಸುಧಾರಣೆ ಎಂದು ಬರೆದ ಕಾಗದವನ್ನು ಹೊಲದಲ್ಲಿ ನಿಂತು ನೋಡಬೇಕೆಂದು ಆ ರೈತರು ನಾಡಿಗೇ ಕಲಿಸಿದರು.

ಈಗ ಅದೇ ಪಾಠವನ್ನು ನಾವು ನಮಗೂ ಅನ್ವಯಿಸಿಕೊಳ್ಳಬೇಕಾಗಿದೆ. 2015ರ ಜುಲೈನಿಂದ ನರಗುಂದದ ರೈತರು ಮಹದಾಯಿ ನೀರಿಗಾಗಿ ಧರಣಿ ಕೂತರು. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಕೊಟ್ಟಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗ ಕಳಸಾ ಬಂಡೂರಿ ಯೋಜನಾ ವರದಿಗೆ ಒಪ್ಪಿಗೆ ನೀಡಿತು. ನಮ್ಮ ಬಾಯಾರಿಕೆ ಸುಳ್ಳಲ್ಲ, ಬೇಡಿಕೆ ಅನ್ಯಾಯವೂ ಅಲ್ಲ. ಆದರೆ ಆ ನೀರಿನ ದಾರಿ ಖಾನಾಪುರದ ಕಾಡಿನೊಳಗಿನಿಂದ ಬರುತ್ತದೆ. ಅದಕ್ಕೆ ಪ್ರತಿಯಾಗಿ ಎಲ್ಲೋ ಗಿಡ ನೆಡುತ್ತಾರಂತೆ ಎಂದು ಹೇಳಿ ನಾವು ಕೈತೊಳೆದುಕೊಳ್ಳಬಹುದೇ?

ಬಾರದು ಎಂಬುದೇ ನಮ್ಮ ಅಭಿಪ್ರಾಯ. ಪರಿಹಾರಕ್ಕೆ ಮೊದಲು ಎರಡು ಮೆಟ್ಟಿಲುಗಳಿವೆ. ಇದ್ದ ನೀರನ್ನು ನಾವು ಹೇಗೆ ಬಳಸಿದ್ದೇವೆ? ಕಾಲುವೆಯ ತಲೆಯಲ್ಲಿ ಕಬ್ಬು ತೊಯ್ದು ನಿಂತಾಗ ಕೊನೆಯ ಹೊಲ ಒಣಗಿದ್ದು ಯಾರ ತಪ್ಪು? ನಮ್ಮ ಊರಿನ ಕೆರೆ ಹೊಂಡಗಳಲ್ಲಿ ತುಂಬಿದ ಹೂಳನ್ನು ಯಾರು ತೆಗೆಯಬೇಕು? ಸೂಡಿಯ ನಾಗಕುಂಡವನ್ನು ಕಟ್ಟಿದವರು ಮಳೆನೀರಿಗೆ ಎಂಥ ಮನೆ ಕಟ್ಟಿದ್ದರು ಎಂಬುದನ್ನು ನಾವು ನೋಡಿ ಬಂದರೆ ಸಾಕೇ? ಹರಿಯುವ ಹೊಳೆಯ ದಂಡೆಯಲ್ಲಿ ಕೂತು ವುಝೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದು ಎಂದ ಪ್ರವಾದಿ(ಸ)ರವರ ಉಮ್ಮತ್ತು ನಾವು. ಬರಗಾಲದ ನಾಡಿನಲ್ಲಿ ಈ ಮಾತನ್ನು ಪಾಲಿಸುವ ಹೊಣೆ ನಮ್ಮ ಮೇಲೆ ಹೆಚ್ಚಾಗಿದೆ.

ಇಷ್ಟು ಮಾಡಿದ ಮೇಲೂ ಕಾಡಿನ ಒಂದು ತುಂಡು ಹೋಗಲೇಬೇಕಾದರೆ, ಆ ನಷ್ಟವನ್ನು ನಷ್ಟವೆಂದೇ ಒಪ್ಪಿಕೊಳ್ಳೋಣ. ಪರಿಹಾರ ಖಾನಾಪುರದ ಕಾಡಿಗೇ, ಅಲ್ಲಿನ ಹಳ್ಳಕ್ಕೇ, ಅಲ್ಲಿನ ಜನಕ್ಕೇ ಸಲ್ಲಲಿ. ಅದು ಸಂದಿದೆಯೇ ಎಂದು ನೀರು ಕುಡಿಯುವ ನಾವೇ ಹೋಗಿ ನೋಡೋಣ. ಹಣ ಕಟ್ಟಿದ ಮರುದಿನವೇ ಮರೆಯಬಹುದಾದದ್ದು ಋಣವಲ್ಲ. ಭೂಮಿ ಮನುಷ್ಯನ ಕೈಯಲ್ಲಿರುವ ಅಮಾನತು. ಅಮಾನತಿನ ಲೆಕ್ಕ ಕೇಳುವವನು ರಸೀದಿಯನ್ನು ನೋಡುವುದಿಲ್ಲ, ಒಪ್ಪಿಸಿದ ವಸ್ತು ಎಲ್ಲಿ ಎಂದು ಕೇಳುತ್ತಾನೆ.