ನೆಲದ ಕೆಳಗಿನ ಸೋರಿಕೆ (ಯೆಹೋಶುವ 7)

ಯೆಹೋಶುವ 7ನೇ ಅಧ್ಯಾಯ ತೆಗೆಯಿರಿ.

ಯೆರಿಕೋ ಬಿದ್ದಾಗಿದೆ. ಮುಂದಿನ ಊರು ಆಯಿ, ಚಿಕ್ಕದು. ಸುಮಾರು 3000 ಜನ ಹೋದರು, ಸೋತು ಓಡಿಬಂದರು, 36 ಜನ ಸತ್ತರು. ಯೆಹೋಶುವ ಬಟ್ಟೆ ಹರಕೊಂಡು ಸಾಯಂಕಾಲದ ತನಕ ಮಂಜೂಷದ ಮುಂದೆ ಬೋರಲು ಬಿದ್ದಿದ್ದ. ದೇವರು ಏನಂದ್ರು? ಏಳು ಅಂದ್ರು. ಪ್ರಾರ್ಥನೆ ಮಾಡೋ ಮನುಷ್ಯನಿಗೆ ದೇವರೇ ಎದ್ದೇಳು ಅಂತಾರೆ! ಯಾಕಂದ್ರೆ ಸೋರ್ತಾ ಇರೋದು ಬೇರೆ ಕಡೆ.

ಊರಲ್ಲಿ ನಮಗೆ ಸ್ನಾನದ ಹಂಡೆ ಗೊತ್ತಿತ್ತು ಅಷ್ಟೆ. ಇಂಗ್ಲೆಂಡಿಗೆ ಬಂದ ಮೇಲೆ ಎಲ್ಲರೂ ಬಾಯ್ಲರ್ ಗೇಜ್ ನೋಡೋದು ಕಲಿತಿದ್ದೀವಿ. ತಣ್ಣಗಿರುವಾಗ 1ರಿಂದ 1.5 ಬಾರ್ ಇರಬೇಕು. ನಮ್ಮ ಸಭೆಯ ಒಬ್ಬ ಬ್ರದರ್ ಮನೇಲಿ ಎರಡು ದಿನಕ್ಕೆ ಸೊನ್ನೆಗೆ ಬರೋದು. ಅವರು ಫಿಲ್ಲಿಂಗ್ ಲೂಪ್ ತಿರುಗಿಸಿ ನೀರು ತುಂಬಿಸೋರು. ಗೋಡೆ ಒಣಗಿದೆ, ಕಾರ್ಪೆಟ್ ಒಣಗಿದೆ, ಏನೂ ಕಾಣಲ್ಲ. ಆದರೆ ಪ್ರತಿ ಸಾರಿ ಹೊಸ ನೀರಿನ ಜೊತೆ ಆಕ್ಸಿಜನ್ ಒಳಗೆ ಹೋಗುತ್ತೆ. ರೇಡಿಯೇಟರ್ ಒಳಗಿಂದಲೇ ತುಕ್ಕು ಹಿಡಿದು ಕಪ್ಪು ಕೆಸರಾಗುತ್ತೆ.

ಹೀಟಿಂಗ್ ಎಂಜಿನಿಯರ್ ಬಂದಾಗ ನಾನೂ ಇದ್ದೆ. ಬಾಯ್ಲರ್ ಆಫ್ ಮಾಡಿ, ತಣ್ಣಗಾದ ಮೇಲೆ ನೀರು ಹೋಗುವ, ಬರುವ ಎರಡೂ ವಾಲ್ವ್ ಮುಚ್ಚಿ ರಾತ್ರಿಯೆಲ್ಲ ಬಿಟ್ಟರು. ಬೆಳಿಗ್ಗೆ ಗೇಜ್ ಇಳಿದಿರಲಿಲ್ಲ. ಅಂದರೆ ಬಾಯ್ಲರ್ ಸರಿಯಾಗಿದೆ. ವಾಲ್ವ್ ತೆಗೆದ ತಕ್ಷಣ ಮುಳ್ಳು ಬಿತ್ತು. ಹಾಗಾದ್ರೆ ಪೈಪಿನಲ್ಲೇ! ಮಹಡಿಯ ಲೈನ್ ಬೇರೆ ಮಾಡಿ ನೋಡಿದರು, ಅಲ್ಲಿಲ್ಲ. ಕೊನೆಗೆ ನೀರು ಖಾಲಿ ಮಾಡಿ, 5 ಭಾಗ ಹೈಡ್ರೋಜನ್ 95 ಭಾಗ ನೈಟ್ರೋಜನ್ ಬೆರೆಸಿದ ಗ್ಯಾಸ್ ಬಿಟ್ಟು, ನೆಲದ ಮೇಲೆ ಡಿಟೆಕ್ಟರ್ ಹಿಡಿದು ನಡೆದರು. ಊಟದ ಮೇಜಿನ ಕೆಳಗೆ ಅದು ಕೂಗಿತು. ಮೇಲೆ ಏನೂ ಸುತ್ತದೆ ಕಾಂಕ್ರೀಟಿನಲ್ಲಿ ಹೂತಿದ್ದ ತಾಮ್ರದ ಪೈಪ್, ಸೂಜಿಮೊನೆಯಷ್ಟು ತೂತು.

ಯೆಹೋಶುವನ ಕಾಲದಲ್ಲೂ ಹೀಗೇ ಹುಡುಕಿದ್ದು: ಮೊದಲು ಕುಲ, ಆಮೇಲೆ ಗೋತ್ರ, ಆಮೇಲೆ ಮನೆ, ಆಮೇಲೆ ಒಬ್ಬ ಮನುಷ್ಯ. ಆಕಾನನ ಗುಡಾರದ ನೆಲದಲ್ಲಿ ಒಂದು ಮೇಲಂಗಿ, 200 ಶೆಕೆಲ್ ಬೆಳ್ಳಿ, 50 ಶೆಕೆಲ್ ತೂಕದ ಬಂಗಾರದ ಗಟ್ಟಿ. ಅದರ ಮೇಲೇ ಚಾಪೆ ಹಾಸಿ ಮನೆಯವರು ಊಟ ಮಾಡಿರಬಹುದು.

ಒಂದು ಮಾತು. ಯಾರಿಗಾದರೂ ಕಾಯಿಲೆ ಬಂದ್ರೆ, ವೀಸಾ ನಿಂತ್ರೆ, "ನಿಮ್ಮ ಮನೇಲಿ ಆಕಾನ ಇದ್ದಾನೆ" ಅಂತ ಬೆರಳು ತೋರಿಸಬೇಡಿ. ಅದು ಯೋಬನ ಸ್ನೇಹಿತರು ಮಾಡಿದ ಕೆಲಸ. ನಿಮ್ಮ ಮನೆಯ ಗೇಜ್ ನೀವು ನೋಡಿಕೊಳ್ಳಿ.

ಭಾನುವಾರ ಇಲ್ಲಿ ಹಾಡು, ಕಣ್ಣೀರು, ಅನ್ಯಭಾಷೆ. ಬುಧವಾರಕ್ಕೆ ಗಂಡ ಹೆಂಡತಿ ಮಾತಿಲ್ಲ. ಮತ್ತೆ ಬಂದು "ಪಾಸ್ಟರ್, ಪ್ರಾರ್ಥನೆ ಮಾಡಿ." ಮಾಡ್ತೀನಿ, ಇಲ್ಲ ಅನ್ನಲ್ಲ. ಆದರೆ ಹೆಂಡತಿಗೆ ಹೇಳದ ಆ ಸಾಲ? ಊರಲ್ಲಿ ತಂಗಿಗೆ ಕೊಡದೆ ನಿಮ್ಮ ಹೆಸರಿಗೆ ಬರೆಸಿಕೊಂಡ ಆ ಜಾಗ?

ಆಕಾನನ ಮೇಲೆ ಕಲ್ಲು ಬಿತ್ತು. ನಮಗೆ 1 ಯೋಹಾನ 1:9 ಇದೆ. ಆ ಬ್ರದರ್ ಮನೇಲೂ ಪೂರ್ತಿ ನೆಲ ಅಗೀಲಿಲ್ಲ, ಒಂದೇ ಕಡೆ, ಒಂದೂವರೆ ಅಡಿ.

ಎಲ್ಲರೂ ಕಣ್ಣು ಮುಚ್ಚಿ. ಬ್ರದರ್, ಕೀಬೋರ್ಡ್ ಸ್ವಲ್ಪ ನಿಲ್ಲಿಸಿ. ಫೋನ್ ಮಾಡಬೇಕಾದವರು ಈಗಲೇ ಹೊರಗೆ ಹೋಗಿ ಮಾಡಿ. ಊರಲ್ಲಿ ಈಗ ಸಾಯಂಕಾಲ, ಎದ್ದಿರ್ತಾರೆ. ನಾವು ಕಾಯ್ತೀವಿ.