ಮೋರ್ಯರ ಮನೆ

ಸತ್ತವರ ಮನೆಯ ಬಾಗಿಲು ತೆರೆಯುವ ಹಕ್ಕು ಯಾರಿಗಿದೆ? ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಗುಡ್ಡ ಹತ್ತಿ ಬಂದ ಮೇಲೆ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಅಲ್ಲಿ ಸುಮಾರು 400 ಕಲ್ಗೋರಿಗಳಿವೆ. ಕ್ರಿ.ಪೂ. 800ರಿಂದ 200ರ ನಡುವಿನವು ಎನ್ನುತ್ತಾರೆ ತಿಳಿದವರು. ಗಾರೆಯ ಹಂಗಿಲ್ಲದೆ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದನ್ನು ಹೊದಿಸಿದ ಪುಟ್ಟ ಮನೆಗಳು. ಕೆಲವಕ್ಕೆ ಒಂದು ಪಕ್ಕದಲ್ಲಿ ದುಂಡನೆಯ ಕಿಂಡಿ. ಊರವರಿಗೆ ಇವು ಮೋರ್ಯರ ಮನೆ. ಮೋರ್ಯರು ಕುಳ್ಳರಂತೆ! ಅಷ್ಟು ದೊಡ್ಡ ಬಂಡೆಗಳನ್ನು ಆ ಕುಳ್ಳರು ಹೇಗೆ ಎತ್ತಿದರೋ, ಕೇಳಬಾರದು.

ನಮ್ಮ ಕೆರಾಡಿಯ ಕಡೆ ಸುಟ್ಟ ಜಾಗದ ಮೇಲೆ ಎರಡು ಮಳೆಗಾಲ ಸುರಿದರೆ ಗುರುತೇ ಸಿಗದು. ಶ್ರಾದ್ಧದಲ್ಲಿ ಮೂರು ತಲೆಮಾರಿನ ಹೆಸರು ಹೇಳುತ್ತೇವೆ. ಅದರಾಚೆಯ ಅಜ್ಜಿಯ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ತಿಳಿಯದು. ಅವಳ ತವರು ಯಾವುದೋ, ಅದಂತೂ ಎಂದೋ ಅಳಿಸಿಹೋಗಿದೆ. ಹಾಗಿರುವಾಗ ಎರಡು ಸಾವಿರ ವರ್ಷಗಳಾಚೆಯವರ ಪರವಾಗಿ ಮಾತಾಡುವವರು ಯಾರು?

ನಿಧಿಯ ಆಸೆಗೆ ಇಂಥ ಗೋರಿಗಳನ್ನು ಒಡೆಯುವವರಿದ್ದಾರೆ. ಅವರಿಗೆ, "ಒಳಗೆ ಚಿನ್ನವಿಲ್ಲ, ಮಡಕೆ, ಕಬ್ಬಿಣ, ಮೂಳೆ ಅಷ್ಟೇ" ಎಂದು ಹೇಳುವುದು ವಾಡಿಕೆ. ತರಗತಿಯಲ್ಲಿ ಇದನ್ನು ವಿವರಿಸುತ್ತಿದ್ದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದುನಿಂತಳು: "ಚಿನ್ನ ಇದ್ರೆ ಒಡೂಕೆ ಆತ್ತಾ, ಟೀಚರೇ?"

ಆ ವಾಡಿಕೆಯ ಮಾತು ಅಂದಿನಿಂದ ನನಗೆ ರುಚಿಸುತ್ತಿಲ್ಲ. ಬೆಲೆಯಿಲ್ಲದ್ದರಿಂದ ಬಿಡು ಎಂದರೆ ಬೆಲೆಯಿದ್ದರೆ ಕಿತ್ತುಕೋ ಎಂದ ಹಾಗೆಯೇ ಅಲ್ಲವೆ?

ಹಾಗಾದರೆ ವಿದ್ವಾಂಸರು ಅಗೆಯುವುದು? 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇಂಥ ಗೋರಿಗಳನ್ನು ತೆರೆಸಿದರು. ಕೆಲವು ಕಲ್ಲಿನ ಕೋಣೆಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಬಿಡಿಮೂಳೆಗಳಿದ್ದವು. ಅಂದರೆ ದೇಹ ಬೇರೆಲ್ಲೋ ಮಾಗಿದ ಮೇಲೆ ಉಳಿದ ಮೂಳೆಗಳನ್ನು ಆಯ್ದು ತಂದು, ಮಡಕೆಗಳೊಡನೆ ಇಟ್ಟಿದ್ದರು. ಮೊದಲ ಅಳು ನಿಂತ ಮೇಲೂ ಸತ್ತವರ ಕೆಲಸ ಮುಗಿದಿರಲಿಲ್ಲ. ತೆರೆಯದೆ ಇದು ನಮಗೆ ತಿಳಿಯುತ್ತಿರಲಿಲ್ಲ. ಆದ್ದರಿಂದ ಎಲ್ಲ ಅಗೆತವನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸಿಲ್ಲ. ಸಿಕ್ಕಿದ್ದನ್ನೆಲ್ಲ ಬರೆದಿಟ್ಟು ಹತ್ತು ಜನರಿಗೆ ಹೇಳುವವನೂ, ಕತ್ತಲಲ್ಲಿ ಹಾರೆ ಹಿಡಿದು ಬರುವವನೂ ಒಂದಲ್ಲ. ಹಾಗೆಂದು ಎಲ್ಲವನ್ನೂ ತೆರೆದೇ ನೋಡಬೇಕೆಂಬ ಹಟವೂ ಬೇಡ.

1958ರ ಕಾಯ್ದೆಯಡಿ ರಕ್ಷಿತವಾದ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ. ಅದು 2010ರ ತಿದ್ದುಪಡಿ. 2021ರಲ್ಲಿ ಹಿರೇಬೆಣಕಲ್ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿತು. ಒಳ್ಳೆಯದೇ. ಆದರೆ ಆ ಹುಡುಗಿಗೆ ನಾನು ಕಾಯ್ದೆಯನ್ನು ಹೇಳಲಿಲ್ಲ. "ಆಗೂದಿಲ್ಲ ಮಗಾ, ಅದು ಅವರ ಮನೆ" ಎಂದೆ.